ಪಲ್ಟನ್ ಬಾಬುವಿನ ಉತ್ತರ: ಕಾಗದದಲ್ಲಿ ನಿಮ್ಮ ಹೆಸರು ಸರಿಯಿದೆಯೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ 'ಗಡಿಯಲ್ಲಿ ಎದೆಯೊಡ್ಡಿ ನಿಂತ ಸುಬೇದಾರ್ ಸಾಹೇಬರೇ' ಎಂದು ಶುರುವಾಗುತ್ತವೆ. ಇವತ್ತು ಒಂದು ತಿದ್ದುಪಡಿ. ನಾನು 28 ವರ್ಷ ಸೈನ್ಯದಲ್ಲಿದ್ದೆ, ಗಡಿಯಲ್ಲೂ ಇದ್ದೆ, ಆದರೆ ಕ್ಲರ್ಕ್ ಆಗಿ. ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಹೆಚ್ಚು. ಪಲ್ಟನ್ನಿನಲ್ಲಿ ಎಲ್ಲರೂ ನನ್ನನ್ನು 'ಬಾಬೂಜಿ' ಅನ್ನುತ್ತಿದ್ದರು. ಜವಾನನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಅಪ್ಪ ಸತ್ತರೆ ಅವನು ಬಂದು ನಿಲ್ಲುತ್ತಿದ್ದದ್ದು ನನ್ನ ಮೇಜಿನ ಮುಂದೆ. ನಾನು ಪಾರ್ಟ್ ಟು ಆರ್ಡರ್ ಹೊರಡಿಸಿದ ಮೇಲೆಯೇ ಸರ್ಕಾರದ ಲೆಕ್ಕದಲ್ಲಿ ಆ ಹೆಂಡತಿ ಹೆಂಡತಿ, ಆ ಮಗು ಮಗು. ಈ ಸಲದ ಮೊದಲ ಪತ್ರ ನನ್ನ ಅದೇ ಮೇಜಿನಿಂದ ಎದ್ದು ಬಂದಂತಿದೆ.

ಪ್ರಶ್ನೆ: ನಮ್ಮ ಯಜಮಾನರು ಹವಾಲ್ದಾರ್ ಆಗಿ ಪೆನ್ಷನ್ ಬಂದವರು. ದೀಪಾವಳಿ ಮುಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು, 58 ವಯಸ್ಸು. ಐದು ತಿಂಗಳಾಯಿತು, ನನಗೆ ಒಂದು ರೂಪಾಯಿ ಬಂದಿಲ್ಲ. ಅವರ ಪಿಪಿಒದಲ್ಲಿ (ಪೆನ್ಷನ್ ಆದೇಶದ ಕಾಗದ) ನನ್ನ ಹೆಸರಿನ ಕೊನೆಗೆ 'ವ್ವ' ಇದೆ, ಆಧಾರ್‌ನಲ್ಲಿ 'ಮ್ಮ' ಆಗಿದೆ. ಹುಟ್ಟಿದ ತಾರೀಖೂ ಬೇರೆ ಬೇರೆ. ಹೋದಲ್ಲೆಲ್ಲ 'ಇಬ್ಬರೂ ನೀವೇ ಅಂತ ಸಾಬೀತು ಮಾಡ್ರಿ' ಅಂತಾರೆ. ಇದ್ದವಳು ನಾನೊಬ್ಬಾಕಿ, ಇಬ್ಬರಾಗಿದ್ದು ಯಾವಾಗ್ರಿ?
— ಒಬ್ಬ ತಾಯಿ, ಗೋಕಾಕ ತಾಲ್ಲೂಕು

ಉತ್ತರ: ಅಕ್ಕಾರ, ನಿಮ್ಮನ್ನು ಇಬ್ಬರನ್ನಾಗಿ ಮಾಡಿದವರು ನನ್ನಂಥ ಬಾಬುಗಳು.

ಒಂದು ಮಾತು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ತೊಂಬತ್ತರ ದಶಕದಲ್ಲಿ ರಾಮದುರ್ಗದ ಕಡೆಯ ಒಬ್ಬ ಹುಡುಗ ಮದುವೆ ಮಾಡಿಕೊಂಡು ಛುಟ್ಟಿಯಿಂದ ವಾಪಸ್ ಬಂದ. ಹೆಂಡತಿ ಹೆಸರು ಬರೆಸಬೇಕಿತ್ತು. ನಮ್ಮ ಊರ ಕಡೆಯ ಹೆಸರು, ನನಗೇನು ಕೇಳಬೇಕು ಎಂಬ ಗತ್ತಿನಲ್ಲಿ ನನಗೆ ತಿಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ. ಹುಟ್ಟಿದ ತಾರೀಖು ಕೇಳಿದೆ. 'ಗೊತ್ತಿಲ್ಲ ಬಾಬೂಜಿ, ಜೋಳದ ಸುಗ್ಗ್ಯಾಗ ಹುಟ್ಟ್ಯಾಳಂತ' ಅಂದ. ನಮ್ಮ ಕಡೆ ತಾರೀಖು ಗೊತ್ತಿಲ್ಲದವರೆಲ್ಲ ಜೂನ್ 1ರಂದೇ ಹುಟ್ಟುವವರು. ಶಾಲೆ ಮಾಸ್ತರರ ಕೃಪೆ. ನಾನೂ ಜೂನ್ 1 ಹೊಡೆದೆ. ಅವನು ಸಹಿ ಹಾಕಿ ಹೋದ. ನಾನು ನಿವೃತ್ತನಾಗಿ ಬೆಳಗಾವಿಯಲ್ಲಿ ಮನೆ ಕಟ್ಟಿದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಗಂಡ ತೀರಿಹೋಗಿದ್ದ. ಚೀಲದಲ್ಲಿದ್ದ ಹಾಳೆಯ ಕೆಳಗೆ ಟೈಪ್ ಮಾಡಿದವನ ಚಿಕ್ಕ ಸಹಿ ನನ್ನದೇ. ಆ ಒಂದು ಅಕ್ಷರ ಸರಿಯಾಗಲು 14 ತಿಂಗಳು ಹಿಡಿಯಿತು. ಅಷ್ಟೂ ದಿನ ಆಕೆ ಬೇರೆಯವರ ಹೊಲದಲ್ಲಿ ಕಳೆ ತೆಗೆದರು. ನಾನು ಈ ಅಂಕಣ ಬರೆಯುವುದಕ್ಕೆ ಅದೇ ಕಾರಣ ಅಂದುಕೊಳ್ಳಿ.

ಈಗ ನಿಮ್ಮ ಕೆಲಸ. ಮೊದಲು, ಯಜಮಾನರು ತೀರಿಕೊಂಡದ್ದನ್ನು 'ಸ್ಪರ್ಶ್'ನಲ್ಲಿ ವರದಿ ಮಾಡಿಸಿದ್ದೀರಾ ನೋಡಿ. ಈಗ ಪೆನ್ಷನ್ ಲೆಕ್ಕವೆಲ್ಲ ಆ ಗಣಕ ವ್ಯವಸ್ಥೆಯಲ್ಲೇ ನಡೆಯುವುದು. ಅದರ ಮೂಲ ಪ್ರಯಾಗರಾಜ್‌ನ ರಕ್ಷಣಾ ಪೆನ್ಷನ್ ಲೆಕ್ಕ ಕಚೇರಿ. ಊರ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲೂ ಮಾಡಿಸಬಹುದು. ತೀರಿಕೊಂಡ ಮೇಲೂ ಅವರ ಖಾತೆಗೆ ಹಣ ಬಿದ್ದಿದ್ದರೆ ಮುಟ್ಟಬೇಡಿ, ಅದನ್ನು ವಾಪಸ್ ಹಿಡಿಯುತ್ತಾರೆ. ಎರಡನೆಯದು, 'ಈ ಎರಡೂ ಹೆಸರಿನವಳು ಒಬ್ಬಳೇ' ಎಂಬ ಅಫಿಡವಿಟ್. ಅದರ ಜೊತೆ ಮರಣ ಪ್ರಮಾಣಪತ್ರ, ಪಿಪಿಒ, ಡಿಸ್ಚಾರ್ಜ್ ಬುಕ್, ಆಧಾರ್, ಪ್ಯಾನ್, ನಿಮ್ಮೊಬ್ಬರದೇ ಹೆಸರಿನ ಪಾಸ್‌ಬುಕ್ ಇಟ್ಟುಕೊಂಡು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ. ಅಲ್ಲಿಂದ ಯಜಮಾನರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ ಹೋಗಬೇಕು, ಪಿಪಿಒಗೆ ತಿದ್ದುಪಡಿ ಬರಬೇಕು. ಆಧಾರ್ ತಿದ್ದಿಸಲು ಓಡಬೇಡಿ. ಒಂದು ಕಡೆ ತಿದ್ದಿದರೆ ಬ್ಯಾಂಕು, ರೇಷನ್ ಕಾರ್ಡು, ಹೊಲದ ಪಹಣಿ ಇನ್ನೊಂದು ಕಡೆ ತಪ್ಪುತ್ತವೆ. ಪಿಪಿಒ ಒಂದೇ ತಿದ್ದಿಸಿ.

ಹಣ ಎಷ್ಟು? ಪೆನ್ಷನ್ ಬಂದ ಮೇಲೆ ತೀರಿಕೊಂಡವರ ಹೆಂಡತಿಗೆ ಏಳು ವರ್ಷ, ಅಥವಾ ಗಂಡ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ. ನಿಮಗೆ ಪೂರ್ತಿ ಏಳು ವರ್ಷ ಸಿಗುತ್ತದೆ, ಮೊತ್ತ ಹೆಚ್ಚುಕಡಿಮೆ ಅವರ ಪೆನ್ಷನ್ನಿನಷ್ಟೇ. ಆಮೇಲೆ ಅವರ ಕೊನೆಯ ಸಂಬಳದ ಲೆಕ್ಕದ 30 ಪರ್ಸೆಂಟ್. ಎರಡಕ್ಕೂ ತುಟ್ಟಿಭತ್ಯೆ ಸೇರುತ್ತದೆ. ಅವರು ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು) ತೆಗೆದುಕೊಂಡಿದ್ದರೆ ಅದರ ಕಡಿತ ನಿಮ್ಮ ಪೆನ್ಷನ್ನಿಗೆ ತಾಗುವುದಿಲ್ಲ. ತಡವಾದಷ್ಟೂ ದಿನದ್ದು ತೀರಿಕೊಂಡ ಮರುದಿನದಿಂದಲೇ ಎಣಿಸಿ ಬಾಕಿಯಾಗಿ ಬರುತ್ತದೆ. ಇಸಿಎಚ್‌ಎಸ್ ಕಾರ್ಡು, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯದು, ನಿಮ್ಮ ಪಾಲಿಗೆ ಮುಂದುವರಿಯುತ್ತದೆ. ಬಿಪಿ, ಶುಗರ್ ಇದ್ದರೆ ಪಾಲಿಕ್ಲಿನಿಕ್ ಬಿಡಬೇಡಿ. ಐದು ತಿಂಗಳು ತಡೆದಿದ್ದೀರಿ. ಮುಂದಿನ ವಾರವೇ ಹೋಗಿ, ಅಣ್ಣನೋ ಮಗನೋ ಜೊತೆಗಿರಲಿ, ಆದರೆ ಮಾತು ನೀವೇ ಆಡಿ.

ಪ್ರಶ್ನೆ: ಮಗ ಅಗ್ನಿವೀರನಾಗಿ ಸೇರಿ ಒಂದು ವರ್ಷ ಆಯಿತು. ಊರಲ್ಲಿ ಒಬ್ಬರು 'ಅವನಿಗೆ ಪೆನ್ಷನ್ನೇ ಇಲ್ಲ, ಬರಿಗೈ' ಅಂತಾರೆ. ಇನ್ನೊಬ್ಬರು 'ಏನಾದರೂ ಆದರೆ ಕೋಟಿ ಬರುತ್ತೆ' ಅಂತ ಬಾಯಿ ಬಿಟ್ಟು ಹೇಳ್ತಾರೆ. ಯಾರ ಮಾತು ನಂಬುವುದು?
— ಒಬ್ಬ ತಂದೆ, ಅರಸೀಕೆರೆ ತಾಲ್ಲೂಕು

ಉತ್ತರ: ಇಬ್ಬರದೂ ನಿಜ ರಾಯರೇ, ಎರಡನೆಯವರನ್ನು ಮನೆಗೆ ಕರೆಯಬೇಡಿ ಅಷ್ಟೇ.

2022ರ ಜೂನ್ 14ರಂದು ಪ್ರಕಟವಾದ ಯೋಜನೆ ಇದು. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 33,000, 36,500, ಕೊನೆಯ ವರ್ಷ 40,000. ಇದರಲ್ಲಿ 30 ಪರ್ಸೆಂಟ್ ಹಿಡಿದು ಸೇವಾ ನಿಧಿಗೆ ಹಾಕುತ್ತಾರೆ. ಅದಕ್ಕೇ ಮೊದಲ ವರ್ಷ ನಿಮ್ಮ ಮಗನ ಕೈಗೆ 21,000 ಬರುತ್ತಿದ್ದದ್ದು. 'ಮಗ ಪೂರ್ತಿ ಸಂಬಳ ಕಳಿಸ್ತಿಲ್ಲ' ಎಂದು ಮನೆಯವರು ಅನುಮಾನಪಟ್ಟಿದ್ದರೆ ಕ್ಷಮೆ ಕೇಳಿ. ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲದೆ. ನೂರರಲ್ಲಿ ಹೆಚ್ಚೆಂದರೆ 25 ಮಂದಿ ಮುಂದುವರಿಯುತ್ತಾರೆ. ಉಳಿದವರಿಗೆ ಪೆನ್ಷನ್ ಇಲ್ಲ, ಗ್ರ್ಯಾಚುಟಿ ಇಲ್ಲ, 'ಮಾಜಿ ಸೈನಿಕ' ಎಂಬ ದರ್ಜೆಯೂ ಇಲ್ಲ. ದರ್ಜೆ ಇಲ್ಲ ಅಂದರೆ ಇಸಿಎಚ್‌ಎಸ್ ಆಸ್ಪತ್ರೆಯೂ ಇಲ್ಲ. ಇದನ್ನು ಮಗನಿಗೆ ಈಗಲೇ ತಿಳಿಸಿ, ಮೂರೂವರೆ ವರ್ಷದ ಮೇಲಲ್ಲ.

ಕೋಟಿಯ ಮಾತು ಎಲ್ಲಿಂದ ಬಂತು? 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟಬೇಕಿಲ್ಲ. ಸೇವೆಯ ಕಾರಣದಿಂದಲೇ ಸಾವು ಬಂದರೆ ಇನ್ನೂ 44 ಲಕ್ಷ, ಉಳಿದ ಅವಧಿಯ ಪೂರ್ತಿ ಸಂಬಳ, ಸೇವಾ ನಿಧಿ. ಕೂಡಿದರೆ ಕೋಟಿ ದಾಟುತ್ತದೆ. ಆದರೆ ತಿಂಗಳು ತಿಂಗಳು ಬರುವ ಕುಟುಂಬ ಪೆನ್ಷನ್ ಇಲ್ಲ. ಅದೇ ಬಂಕರಿನಲ್ಲಿ ಪಕ್ಕದಲ್ಲಿ ನಿಂತ ಹಳೇ ನೇಮಕದ ಸಿಪಾಯಿಯ ಹೆಂಡತಿಗೆ ಜೀವಮಾನವಿಡೀ ಬರುತ್ತದೆ. ಗುಂಡಿಗೆ ನೇಮಕಾತಿಯ ವರ್ಷ ಗೊತ್ತಾಗುವುದಿಲ್ಲ, ಲೆಕ್ಕದ ಕಚೇರಿಗೆ ಗೊತ್ತಾಗುತ್ತದೆ. ಈ ಭೇದ ನನಗೆ ಒಪ್ಪಿಗೆಯಿಲ್ಲ, ಆದರೆ ಇವತ್ತಿನ ನಿಯಮ ಇದು.

ಮಗ ಹತ್ತನೇ ತರಗತಿ ಪಾಸಾಗಿ ಸೇರಿದ್ದರೆ ಸೇವೆಯಲ್ಲಿರುವಾಗಲೇ ಹನ್ನೆರಡನೆಯದಕ್ಕೆ ಸಮನಾದ ಪ್ರಮಾಣಪತ್ರ ಪಡೆಯಲು ದಾರಿಯಿದೆ, ಬಿಡದೆ ಮಾಡಿಕೊಳ್ಳಲಿ. ಹೊರಬಂದ ಮೇಲೆ ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಲ್ಲಿ ಮೀಸಲು, ವಯಸ್ಸಿನ ಸಡಿಲಿಕೆ ಇದೆ. ಆ 11 ಲಕ್ಷಕ್ಕೆ ಈಗಿನಿಂದಲೇ ಟ್ರ್ಯಾಕ್ಟರ್ ನೋಡಲು ಹೋಗಬೇಡಿ.

ಪ್ರಶ್ನೆ: ನನಗೆ 27 ವರ್ಷ. ಉಗ್ರರ ದಾಳಿಯಲ್ಲಿ ಪತಿ ಹೋದರು. ನಾಲ್ಕು ವರ್ಷದ ಮಗನಿದ್ದಾನೆ. ಮೈದುನನನ್ನೇ ಮದುವೆಯಾಗಬೇಕು, ಬೇರೆಯವರನ್ನು ಆದರೆ ಪೆನ್ಷನ್ ನಿಂತುಹೋಗುತ್ತದೆ ಅಂತ ಅತ್ತೆ ಮಾವ ಹೇಳುತ್ತಾರೆ. ಅವನಿಗೆ ನನಗಿಂತ ಮೂರು ವರ್ಷ ಕಡಿಮೆ. ನಾನು ಮದುವೆಯ ಯೋಚನೆಯನ್ನೇ ಮಾಡಿಲ್ಲ. ಆದರೂ ನಿಯಮ ಏನು ಹೇಳಿ.
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮಗಳೇ, ನಿಯಮ ಹಾಗಿಲ್ಲ.

ನಿನಗೆ ಬರಬೇಕಾದದ್ದು ಉದಾರೀಕೃತ ಕುಟುಂಬ ಪೆನ್ಷನ್, ಅಂದರೆ ಪತಿಯ ಕೊನೆಯ ಸಂಬಳದ ಲೆಕ್ಕದಷ್ಟು ಪೂರ್ತಿ. ಕೈಗೆ ಬರುತ್ತಿರುವುದು 60 ಪರ್ಸೆಂಟ್ ಅಥವಾ 30 ಪರ್ಸೆಂಟ್ ಆಗಿದ್ದರೆ ಎಲ್ಲೋ ತಪ್ಪಾಗಿದೆ, ಪಿಪಿಒ ತೆಗೆದು ನೋಡು. ನೀನು ಯಾರನ್ನೇ ಮದುವೆಯಾದರೂ, ಮಗನನ್ನು ನೀನೇ ಸಾಕುತ್ತಿರುವವರೆಗೆ ಈ ಪೆನ್ಷನ್ ಪೂರ್ತಿ ನಿನ್ನದೇ. ಮಗುವನ್ನು ಬಿಟ್ಟುಹೋದರೆ ಮಾತ್ರ ಪಾಲಾಗುತ್ತದೆ: ಒಂದು ಭಾಗ ಮಗುವಿಗೆ, ನಿನಗೆ ಸಾಮಾನ್ಯ ದರದ್ದು.

ಮೈದುನನ ಮಾತು ಎಲ್ಲಿಂದ ಬಂತು ಅಂದರೆ, ಶೌರ್ಯ ಪದಕದ ಜೊತೆ ಬರುವ ಮಾಸಿಕ ಭತ್ಯೆಗೆ ನಿಜಕ್ಕೂ ಅಂಥ ಷರತ್ತು ಇತ್ತು. ವಿಧವೆ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಭತ್ಯೆ ಉಳಿಯುತ್ತದೆ, ಹೊರಗಿನವನನ್ನು ಆದರೆ ಹೋಗುತ್ತದೆ. 2017ರ ನವೆಂಬರಿನಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ತೆಗೆಯುವವರೆಗೆ ಎಷ್ಟು ಹುಡುಗಿಯರನ್ನು 'ಮನೆಯ ಹಣ ಮನೆಯಲ್ಲೇ ಇರಲಿ' ಎಂದು ಮೈದುನರ ಪಕ್ಕ ಕೂರಿಸಿ ಅಕ್ಷತೆ ಹಾಕಿದರೋ. ಅಂಥ ಒಂದು ಮದುವೆಗೆ ನಾನೂ ಹೋಗಿ ಊಟ ಮಾಡಿ ಬಂದಿದ್ದೇನೆ. ಹುಡುಗ ತಾಳಿ ಕಟ್ಟುವಾಗ ತಲೆ ಎತ್ತಿರಲಿಲ್ಲ, ಹುಡುಗಿಯೂ ಎತ್ತಿರಲಿಲ್ಲ.

ನೀನು ಯೋಚಿಸಿಲ್ಲ ಅಂದೆ, ಸರಿ. ಎಂದಾದರೂ ಯೋಚಿಸಿದರೆ ವಿಧವೆಯ ಮರುಮದುವೆಗೆ ರಕ್ಷಣಾ ಮಂತ್ರಿಗಳ ಕಲ್ಯಾಣ ನಿಧಿಯಿಂದ ಅನುದಾನ ಕೇಳುವ ಅವಕಾಶವೂ ಇದೆ ಎಂಬುದು ಗೊತ್ತಿರಲಿ. 50,000 ಇದ್ದದ್ದು 2025ರಲ್ಲಿ ಒಂದು ಲಕ್ಷವಾಯಿತು. ಯಾರಿಗೆ, ಎಂಬ ಷರತ್ತುಗಳನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿಕೋ. ಮಗನ ಶಾಲೆಯ ಬೋಧನಾ ಶುಲ್ಕವನ್ನು ಸರ್ಕಾರ ಭರಿಸುವ ಯೋಜನೆ ಇದೆ. ಅದಕ್ಕಿದ್ದ ತಿಂಗಳಿಗೆ 10,000ದ ಮಿತಿಯನ್ನು 2018ರಲ್ಲಿ ತೆಗೆದರು. ಶಾಲೆಯ ರಸೀದಿಗಳನ್ನು ಎಸೆಯಬೇಡ.

ಅತ್ತೆ ಮಾವನ ಬಗ್ಗೆ ಒಂದೇ ಮಾತು. ಅವರು ಮಗನನ್ನು ಕಳೆದುಕೊಂಡವರು, ಪೆನ್ಷನ್ ಕಾನೂನಿನಂತೆ ಹೆಂಡತಿಗೆ ಹೋಗುತ್ತದೆ, ಅವರ ಕೈ ಖಾಲಿ. ಆ ಭಯ ಈ ಮಾತು ಆಡಿಸುತ್ತಿರಬಹುದು. ತಿಂಗಳಿಗೆ ಇಷ್ಟು ಅಂತ ಅವರಿಗೆ ಕೊಡಬೇಕು ಅನ್ನಿಸಿದರೆ ಕೊಡು. ಅದು ನಿನ್ನ ಮನಸ್ಸಿಗೆ ಬಿಟ್ಟದ್ದು, ಮದುವೆಗೆ ಗಂಟು ಹಾಕುವಂಥದ್ದಲ್ಲ.

ಪ್ರಶ್ನೆ: 1969ರಲ್ಲಿ ಸೇರಿ 71ರ ಯುದ್ಧ ಕಂಡವನು ನಾನು. ಅಪ್ಪ ತೀರಿಕೊಂಡು ಗದ್ದೆ ನೋಡುವವರಿಲ್ಲದೆ 1978ರಲ್ಲಿ ನಾನೇ ಕೇಳಿ ಬಿಡುಗಡೆ ಪಡೆದೆ. ಪೆನ್ಷನ್ ಇಲ್ಲ. ಈಗ ನನಗೆ 76. ಯಾರೋ 'ಪೆನ್ಯೂರಿ ಗ್ರ್ಯಾಂಟ್'ಗೆ ಅರ್ಜಿ ಹಾಕಿ ಅಂದರು. ಮಗಳು ಅರ್ಥ ಹೇಳಿದಳು: ಕಡುಬಡತನದ ಹಣ. ಯುದ್ಧ ಮಾಡಿದವನು ಭಿಕ್ಷೆಗೆ ಸಹಿ ಹಾಕಬೇಕೇ?
— ಹಳೆಯ ಜವಾನ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಹಿರಿಯರೇ, ಮೊದಲು ನಿಮಗೊಂದು ಸೆಲ್ಯೂಟ್. ನೀವು ಸೇರಿದಾಗ ನಾನಿನ್ನೂ ಚಡ್ಡಿಯಲ್ಲಿ ಗೋಲಿ ಆಡುತ್ತಿದ್ದೆ.

ನಿಮ್ಮ ಡಿಸ್ಚಾರ್ಜ್ ಬುಕ್ ಒಮ್ಮೆ ಕನ್ನಡಕ ಹಾಕಿಕೊಂಡು ಓದಿ. 'ರಿಸರ್ವ್‌ಗೆ ವರ್ಗ' ಎಂದು ಎಲ್ಲಾದರೂ ಇದೆಯೇ? ಆ ಕಾಲದಲ್ಲಿ ಎಷ್ಟೋ ಜನ ಕೆಲವು ವರ್ಷ ಪಲ್ಟನ್ನಿನಲ್ಲಿದ್ದು ಉಳಿದ ವರ್ಷ ರಿಸರ್ವ್‌ನಲ್ಲಿರುತ್ತಿದ್ದರು. ಎರಡೂ ಸೇರಿ 15 ವರ್ಷವಾದರೆ ರಿಸರ್ವಿಸ್ಟ್ ಪೆನ್ಷನ್ ಇದೆ. ನೀವೇ ಕೇಳಿ ಪೂರ್ತಿ ಬಿಟ್ಟಿದ್ದರೆ ಅದು ಬರುವುದಿಲ್ಲ. ಪೆನ್ಷನ್ ಇಲ್ಲದವರಿಗೆ ಇಸಿಎಚ್‌ಎಸ್ ಬಾಗಿಲೂ ತೆರೆಯುವುದಿಲ್ಲ. ಇನ್ನು ಉಳಿದದ್ದು ನಿಮ್ಮ ಮಗಳು ಅರ್ಥ ಹೇಳಿದ ಆ ಅನುದಾನ. 65 ದಾಟಿದ, ಪೆನ್ಷನ್ ಇಲ್ಲದ, ಹವಾಲ್ದಾರ್ ಮತ್ತು ಕೆಳಗಿನ ದರ್ಜೆಯ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ. ತಿಂಗಳಿಗೆ 4,000 ಇತ್ತು, 2025ರ ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ 8,000 ಮಾಡಿದ್ದಾರೆ. ಮಡಿಕೇರಿಯ ಜಿಲ್ಲಾ ಸೈನಿಕ ಕಚೇರಿ ಮೂಲಕ ಕೇಂದ್ರೀಯ ಸೈನಿಕ ಮಂಡಳಿಗೆ ಅರ್ಜಿ ಹೋಗಬೇಕು.

ಹೆಸರಿನ ಬಗ್ಗೆ ನಿಮ್ಮ ಸಿಟ್ಟು ನನ್ನದೂ ಹೌದು. ಇನ್ನೂ ಒಂದು ಸಂಗತಿ ಹೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರಬಹುದು. ಈ ಹಣ ಬರುವುದು ಸೇನಾ ಧ್ವಜ ದಿನದ ನಿಧಿಯ ಕಡೆಯಿಂದ. 1949ರಿಂದ ಪ್ರತಿ ಡಿಸೆಂಬರ್ 7ರಂದು ಶಾಲೆ ಮಕ್ಕಳು, ಕಚೇರಿಯವರು ಅಂಗಿಗೆ ಪುಟ್ಟ ಬಾವುಟ ಚುಚ್ಚಿಸಿಕೊಂಡು ಡಬ್ಬಿಗೆ ಕಾಸು ಹಾಕುತ್ತಾರಲ್ಲ, ಅದೇ. ನಾಡು ನಿಮಗೆ ಕೊಡಬೇಕಾದ ಬಾಕಿಯನ್ನು ಡಬ್ಬಿ ಹಿಡಿದು ಎತ್ತಬೇಕೇ, ಬಜೆಟ್ಟಿನಲ್ಲೇ ಇಡಬಾರದೇ ಎಂದು ನಾನು ಸಭೆಗಳಲ್ಲಿ ಕೇಳಿದ್ದೇನೆ. ಚಪ್ಪಾಳೆ ಬಿದ್ದಿದೆ, ಉತ್ತರ ಬಿದ್ದಿಲ್ಲ.

ಆದರೆ ಇನ್ನೊಂದು ಕಣ್ಣಿನಿಂದಲೂ ನೋಡಿ. ನಿಮ್ಮ ಊರಿನವರೇ ಆದ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾಗಿ, ಮುಂದೆ ಮಡಿಕೇರಿಗೆ ಬಂದ ಮೇಲೂ ಮಾಜಿ ಜವಾನರ ಹಿತಕ್ಕಾಗಿ ಓಡಾಡುವುದನ್ನು ಬಿಡಲಿಲ್ಲ. ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘ ಕಟ್ಟಿದ್ದರಲ್ಲೂ ಅವರ ಕೈಯಿದೆ. ಜವಾನರ ಪರವಾಗಿ ಕೇಳುವುದು ಫೀಲ್ಡ್ ಮಾರ್ಷಲ್‌ಗೆ ಕಡಿಮೆ ಅನ್ನಿಸಲಿಲ್ಲ, ನಮಗೇಕೆ ಅನ್ನಿಸಬೇಕು? ಅರ್ಜಿಯ ಮೇಲಿನ ಹೆಸರು ದಿಲ್ಲಿಯ ಬಾಬು ಇಟ್ಟದ್ದು. ಬಾಬುಗಳು ಹೆಸರು ಹೇಗೆ ಕೆಡಿಸುತ್ತಾರೆ ಎಂಬುದನ್ನು ಮೊದಲ ಉತ್ತರದಲ್ಲೇ ಹೇಳಿದ್ದೇನೆ. ಸಹಿ ಹಾಕಿ.

ಪ್ರಶ್ನೆ: ಉತ್ತರದ ಗಡಿಯಲ್ಲಿ ಡ್ಯೂಟಿಯಲ್ಲಿದ್ದೇನೆ. ಊರಲ್ಲಿ ದೊಡ್ಡಪ್ಪನ ಮಕ್ಕಳು ಹೊಲದ ಪಾಲಿನ ಮೇಲೆ ಕೋರ್ಟಿಗೆ ಹೋಗಿದ್ದಾರೆ. ಮನೆಗೆ ನೋಟೀಸ್ ಬಂದಿದೆ. ಛುಟ್ಟಿ ಸಿಗುವುದು ಇನ್ನು ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಏಕಪಕ್ಷೀಯ ಡಿಕ್ರಿ ಆಗಿಬಿಟ್ಟರೆ?
— ನಾಯಕ್, ವಿಜಯಪುರ ಜಿಲ್ಲೆ

ಉತ್ತರ: ತಮ್ಮಾ, ರಾಮ್ ರಾಮ್. ಇವತ್ತೇ ಕಂಪನಿ ಆಫೀಸಿಗೆ ಹೋಗಿ ನಿನ್ನ ಬಾಬುವನ್ನು ಎಬ್ಬಿಸು.

1925ರ ಒಂದು ಕಾನೂನಿದೆ, ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಬ್ರಿಟಿಷರ ಕಾಲದ್ದು, ಈಗಲೂ ಜೀವಂತ. ಸಿಪಾಯಿ ಕೋರ್ಟಿಗೆ ಬರಲಾಗದ ಜಾಗದಲ್ಲಿ, ವಿಶೇಷ ಪರಿಸ್ಥಿತಿಯ ಡ್ಯೂಟಿಯಲ್ಲಿದ್ದಾನೆ ಎಂದು ಅವನ ಮೇಲಧಿಕಾರಿಯ ಕಡೆಯಿಂದ ನಿಗದಿತ ಸರ್ಟಿಫಿಕೇಟ್ ಹೋದರೆ ನ್ಯಾಯಾಲಯ ಅವನ ಮೇಲಿನ ಸಿವಿಲ್ ದಾವೆಯನ್ನು ಮುಂದೂಡುತ್ತದೆ. ಆ ಕಾಲವನ್ನು ವಾಯಿದೆಯ ಲೆಕ್ಕದಿಂದಲೂ ಬಿಡುತ್ತಾರೆ. ಎಷ್ಟೋ ವಕೀಲರಿಗೇ ಇದು ನೆನಪಿರುವುದಿಲ್ಲ. ನೀನು ಕಾಯ್ದೆಯ ಹೆಸರು, ವರ್ಷ ಚೀಟಿಯಲ್ಲಿ ಬರೆದು ಕಳಿಸು. ಸರ್ಟಿಫಿಕೇಟಿನ ಒಂದು ಪ್ರತಿ ಮನೆಗೆ, ಒಂದು ಜಿಲ್ಲಾ ಸೈನಿಕ ಕಚೇರಿಗೆ. ಸಿಒ ಸಾಹೇಬರ ಕಡೆಯಿಂದ ಜಿಲ್ಲಾಧಿಕಾರಿಗೂ ಒಂದು ಪತ್ರ ಹೋಗಲಿ.

ವಕೀಲರ ಫೀಜಿಗೆ ಹೆದರಬೇಡ. 2025ರ ಜುಲೈ 26ರಂದು, ಕಾರ್ಗಿಲ್ ದಿನವೇ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಶ್ರೀನಗರದಲ್ಲಿ 'ವೀರ್ ಪರಿವಾರ್ ಸಹಾಯತಾ ಯೋಜನೆ' ಆರಂಭಿಸಿತು. ಸೈನಿಕರ ಮನೆಯ ಇಂಥ ವ್ಯಾಜ್ಯಗಳಿಗೆಂದೇ ಪುಕ್ಕಟೆ ಕಾನೂನು ನೆರವು, ಸೈನಿಕ ಮಂಡಳಿಗಳಲ್ಲೇ ಕಾನೂನು ಕೇಂದ್ರ. ಹೆಂಡತಿಯನ್ನು ಅಲ್ಲಿಗೆ ಕಳಿಸು.

ಇನ್ನೊಂದು. ಹೊಲ ಬೀಳು ಬಿಟ್ಟಿದ್ದೀಯಾ? ಕರ್ನಾಟಕದ ಭೂಸುಧಾರಣೆ ಕಾಯ್ದೆ ಗೇಣಿ ಕೊಡುವುದನ್ನು ಎಲ್ಲರಿಗೂ ನಿಷೇಧಿಸಿದಾಗಲೂ ಸೈನಿಕನಿಗೆ, ನಾವಿಕನಿಗೆ ವಿನಾಯಿತಿ ಇಟ್ಟಿತು. ನೀನು ಸೇವೆಯಲ್ಲಿರುವಾಗ ಗೇಣಿಗೆ ಕೊಡಬಹುದು, ಬಂದ ಮೇಲೆ ವಾಪಸ್ ಪಡೆಯಬಹುದು. 'ಗೇಣಿಗೆ ಕೊಟ್ಟರೆ ಉಳುವವನದೇ ಆಗಿಬಿಡುತ್ತದೆ' ಎಂದು ಹೆದರಿ ಪಾಳು ಬಿಟ್ಟ ಫೌಜಿ ಹೊಲಗಳನ್ನು ಇಂಡಿ, ಸಿಂದಗಿ ಕಡೆ ನಾನು ಕಂಡಿದ್ದೇನೆ. ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಮಾಡಿಕೋ.

ಪ್ರಶ್ನೆ: ತೋಪಖಾನೆಯಲ್ಲಿದ್ದೆ. ತೋಪಿನ ಸದ್ದಿಗೆ ಎಡಗಿವಿ ಹೋಯಿತು. 2019ರಲ್ಲಿ ಬರುವಾಗ ಮೆಡಿಕಲ್ ಬೋರ್ಡ್ 20 ಪರ್ಸೆಂಟ್ ಅಂತ ಬರೆದು, ಮೇಲೆ 'ನಾನಾ' ಅಂತ ಹಾಕಿ ಕಳಿಸಿತು.
— ಹವಾಲ್ದಾರ್ (ನಿವೃತ್ತ), ಚನ್ನರಾಯಪಟ್ಟಣ

ಉತ್ತರ: ಓದುಗರಿಗೆ: 'ನಾನಾ' ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬ ಷರಾ. ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಅಂಗವೈಕಲ್ಯದ ಪೆನ್ಷನ್ ಹಾರಿಹೋಗುತ್ತದೆ.

ಸಾಬ್, ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಇದು: ಭರ್ತಿಯಾಗುವಾಗ ಕಾಯಿಲೆ ಇತ್ತೆಂದು ದಾಖಲೆಯಲ್ಲಿ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಭಾರ ಸರ್ಕಾರದ್ದು. ಭರ್ತಿಯ ದಿನ ನಿಮ್ಮ ಕಿವಿ ಕೇಳದಿದ್ದರೆ ನಿಮ್ಮನ್ನು ಸೇರಿಸಿಕೊಳ್ಳುತ್ತಿರಲಿಲ್ಲವಲ್ಲ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ, ಅವಧಿ ಮುಗಿಸಿ ನಿವೃತ್ತರಾದವರಿಗೂ 20 ಪರ್ಸೆಂಟನ್ನು 50 ಎಂದೇ ಎಣಿಸಬೇಕು. ಬೋರ್ಡಿನ ವರದಿಯ ಪ್ರತಿ ತರಿಸಿ. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2023ರ ಸೆಪ್ಟೆಂಬರಿನಿಂದ ಹೊಸ ನಿಯಮ ಬಂದಿದೆ. ನೀವು ಅದಕ್ಕಿಂತ ಮುಂಚಿನವರು, ಯಾರಾದರೂ ಹೊಸ ನಿಯಮ ತೋರಿಸಿ ವಾಪಸ್ ಕಳಿಸಿದರೆ ಒಪ್ಪಬೇಡಿ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, 2008ರಲ್ಲಿ ಸೇರಿದವನು, ಹೊಸ ಪೆನ್ಷನ್ ಯೋಜನೆ, ಅಂದರೆ ಎನ್‌ಪಿಎಸ್. ನನಗೂ ಹಳೇ ಪೆನ್ಷನ್ ಇಲ್ಲ. ಸೈನಿಕರ ಬಗ್ಗೆ ಗೌರವವಿದೆ, ಆದರೆ ಪೆನ್ಷನ್, ಕ್ಯಾಂಟೀನು, ಮೀಸಲಾತಿ, ಮತ್ತೆ 'ಒನ್ ರ‍್ಯಾಂಕ್ ಒನ್ ಪೆನ್ಷನ್'. ಎಷ್ಟಾಯಿತು?
— ದಾವಣಗೆರೆ

ಉತ್ತರ: ಮೇಷ್ಟ್ರೇ, ಇಂಥ ಪತ್ರ ಬರೆಯಲು ಧೈರ್ಯ ಬೇಕು. ಸೈನಿಕರ ವಿಷಯ ಬಂದರೆ ಎಲ್ಲರೂ ಕೈ ಮುಗಿದು ಸುಮ್ಮನಾಗುತ್ತಾರೆ, ಅದರಿಂದ ನಮಗೆ ಉಪಕಾರವೇನೂ ಇಲ್ಲ.

ನೀವು 60ಕ್ಕೆ ನಿವೃತ್ತರಾಗುತ್ತೀರಿ. ನನ್ನ ಕಾಲದ ಸಿಪಾಯಿ 18ಕ್ಕೆ ಸೇರಿ 35, 37ಕ್ಕೆ ಪೆಟ್ಟಿಗೆ ಹೊತ್ತು ಸ್ಟೇಷನ್ನಿಗೆ ಇಳಿಯುತ್ತಿದ್ದ. ಸೈನ್ಯಕ್ಕೆ ಎಳೆಯ ಕಾಲುಗಳು ಬೇಕು. ಅವನ ಮಗಳು ಆಗ ಎರಡನೇ ಕ್ಲಾಸು. ನಿಮ್ಮ ಸಂಬಳ ಹೆಚ್ಚು ಏರುವ 20 ವರ್ಷಗಳನ್ನು ಅವನು ಬ್ಯಾಂಕಿನ ಬಾಗಿಲಲ್ಲಿ ನಿಂತು ಕಳೆಯುತ್ತಾನೆ. ಒಂದೇ ದರ್ಜೆ, ಒಂದೇ ಸೇವಾವಧಿ, ಆದರೆ ಬೇರೆ ವರ್ಷ ನಿವೃತ್ತರಾದರೆ ಪೆನ್ಷನ್ ಬೇರೆ. ಇದು ತಪ್ಪೆಂದು 2015ರ ಜೂನಿನಿಂದ ಮುದುಕರು ಜಂತರ್ ಮಂತರ್‌ನಲ್ಲಿ ಕೂತರು. ಆ ನವೆಂಬರ್ 7ರಂದು ಆದೇಶ ಬಂತು, 2014ರ ಜುಲೈ 1ರಿಂದ ಲೆಕ್ಕ. ಐದು ವರ್ಷಕ್ಕೊಮ್ಮೆ ಸರಿದೂಗಿಸುವುದು, 2019, 2024.

ಇನ್ನೊಂದು ವ್ಯತ್ಯಾಸ ನೀವೇ ಗಮನಿಸಿರಬಹುದು. ನೀವು ಎನ್‌ಪಿಎಸ್ ವಿರುದ್ಧ ಫ್ರೀಡಂ ಪಾರ್ಕಿಗೆ ಬರಬಹುದು. ಸೇವೆಯಲ್ಲಿರುವ ಸಿಪಾಯಿ ಸಂಘ ಕಟ್ಟುವಂತಿಲ್ಲ, ಅನುಮತಿಯಿಲ್ಲದೆ ಸೇವೆಯ ವಿಷಯವನ್ನು ಪತ್ರಿಕೆಗೆ ಬರೆಯುವಂತಿಲ್ಲ. ಸಂವಿಧಾನದ 33ನೇ ವಿಧಿ, ಸೇನಾ ಕಾಯ್ದೆ ಎರಡೂ ಅವನ ಬಾಯಿಗೆ ಬೀಗ ಹಾಕಿವೆ. ಬೀಗ ಹಾಕಿದವರು ಅವನ ಪರವಾಗಿ ತಾವೇ ಲೆಕ್ಕ ಇಡಬೇಕಲ್ಲವೇ? ನಾನು ಇದನ್ನು ಉಪಕಾರ ಅನ್ನದೆ ಕರ್ತವ್ಯ ಅನ್ನುವುದು ಅದಕ್ಕೆ.

ಹಾಗಂತ ನಿಮ್ಮ ಸಿಟ್ಟು ಸುಳ್ಳಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್‌ನ ಹುಡುಗರನ್ನೇ ನೋಡಿ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಮಂದಿ ಸತ್ತರು, ನಮ್ಮ ಮಂಡ್ಯದ ಹುಡುಗನೂ ಅವರಲ್ಲಿದ್ದ. ಅವರು ಗೃಹ ಇಲಾಖೆಯವರು, ಸೈನ್ಯದವರಲ್ಲ. 2004ರ ನಂತರ ಆ ಪಡೆಗಳಿಗೆ ಸೇರಿದವರನ್ನೂ ನಿಮ್ಮಂತೆಯೇ ಎನ್‌ಪಿಎಸ್‌ಗೆ ಹಾಕಿದರು. ಅವರ ಮನೆಯ ಹೆಣ್ಣುಮಕ್ಕಳು ನನಗೆ ಪತ್ರ ಬರೆದಾಗ 'ತಂಗಿ, ಈ ನಿಯಮ ನಿನಗಲ್ಲ' ಎಂದು ಬರೆಯಬೇಕಾಗುತ್ತದೆ. ನಿಮ್ಮ ಪಟ್ಟಿಗೆ ಅವರನ್ನೂ ಸೇರಿಸಿಕೊಂಡು ಕೇಳಿ, ನಾನೂ ಬಂದು ಕೂರುತ್ತೇನೆ. ಕ್ಯಾಂಟೀನಿನ ಬಗ್ಗೆ ಮಾತ್ರ ನನ್ನನ್ನು ಕೆಣಕಬೇಡಿ. ಅದರ ಅರ್ಧ ಸಾಮಾನು ನೆಂಟರ ಮನೆಗೇ ಹೋಗುತ್ತದೆ.

ಪ್ರಶ್ನೆ: ಪೆನ್ಷನ್ ಬರಬೇಕೆಂದರೆ, ನಾನು ಸತ್ತಿಲ್ಲ ಎಂದು ವರ್ಷ ವರ್ಷ ಹೋಗಿ ಯಾಕೆ ಹೇಳಬೇಕು? ನನಗೆ 79, ಮಂಡಿ ನೋವು.
— ಹುಣಸೂರು

ಉತ್ತರ: ಹೋಗಬೇಡಿ. ಮೊಮ್ಮಗಳ ಮೊಬೈಲಿನಲ್ಲಿ 'ಜೀವನ್ ಪ್ರಮಾಣ್' ಹಾಕಿಸಿ ಮುಖ ತೋರಿಸಿ, ಮುಗಿಯಿತು. ಮುಂದಿನ ವರ್ಷ 80 ತುಂಬಿದಾಗ ಮೂಲ ಪೆನ್ಷನ್ನಿಗೆ 20 ಪರ್ಸೆಂಟ್ ಹೆಚ್ಚಾಗಬೇಕು. ಅದು ಆಗಿದೆಯೋ ಇಲ್ಲವೋ ನೋಡಲಾದರೂ ಪಾಸ್‌ಬುಕ್ ತೆರೆಯಿರಿ. 85ಕ್ಕೆ 30, 90ಕ್ಕೆ 40. ಬದುಕಿದ್ದಕ್ಕೆ ಸರ್ಕಾರ ಸಂಬಳ ಏರಿಸುವುದು ಇಲ್ಲೊಂದೇ ಕಡೆ.

ಪತ್ರ ಬರೆಯುವವರಿಗೆ: ದಯವಿಟ್ಟು ಮೂಲ ಕಾಗದ ಕಳಿಸಬೇಡಿ, ಝೆರಾಕ್ಸ್ ಸಾಕು. ಅಥಣಿ ಅಂಚೆಮುದ್ರೆಯ ಒಂದು ದಪ್ಪ ಲಕೋಟೆ ಕಳೆದ ತಿಂಗಳು ಬಂದಿದೆ. ಒಳಗೆ ಪತ್ರವಿಲ್ಲ, ವಿಳಾಸವಿಲ್ಲ. ಕೆಂಪು ದಾರ ಕಟ್ಟಿದ ಡಿಸ್ಚಾರ್ಜ್ ಬುಕ್, ಅದರೊಳಗೆ ಗಂಡ ಹೆಂಡತಿ ಕೂತ ಜಾಯಿಂಟ್ ಫೋಟೋ. ಹೆಂಗಸಿನ ಕೊರಳಲ್ಲಿ ಬೋರಮಾಳ ಸರ, ಮಡಿಲಲ್ಲಿ ಅಲುಗಾಡಿ ಮಸುಕಾದ ಮಗು. ಪುಸ್ತಕ ನನ್ನ ಕಪಾಟಿನಲ್ಲಿ ಭದ್ರವಾಗಿದೆ. ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ಆರ್ಮಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯಿರಿ. ನಾನೇ ಅಥಣಿಗೆ ಬಂದು ಕೈಗೆ ಕೊಟ್ಟು ಹೋಗುತ್ತೇನೆ.